ಬಿಡಿಸಿದ ಮುಷ್ಟಿ

"ಹೊಟ್ಟೆನೋವಿನ ಬಾಧೆ ತಾಳಲಾರದೆ, ಜೀವನದಲ್ಲಿ ಜಿಗುಪ್ಸೆಗೊಂಡು" ಎಂಬ ಸಾಲನ್ನು ನಾನು ಎಷ್ಟು ಸಲ ಟೈಪ್ ಮಾಡಿದ್ದೇನೋ ದೇವರೇ ಬಲ್ಲ. ಚಿತ್ರದುರ್ಗದ ಕೋರ್ಟಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿ. ಅಂಗಡಿ ಎಂದರೆ ಒಂದು ಶಟರು, ಒಂದು ಕಂಪ್ಯೂಟರು, ಗಿರಾಕಿ ಕೂರಲು ಪ್ಲಾಸ್ಟಿಕ್ ಕುರ್ಚಿ, ಅಷ್ಟೇ. ಅರ್ಜಿ, ಅಫಿಡವಿಟ್ಟು, ಕರಾರು, ದೂರು, ಯಾರಿಗೆ ಏನು ಬೇಕೋ ಅದು. ಮಗಳೋ ತಂಗಿಯೋ ಸತ್ತವರು ಬಂದು ಕುಳಿತರೆ ಅವರು ಬಾಯಿ ಬಿಡುವುದೇ ಅಪರೂಪ. ಜೊತೆಗೆ ಬಂದ ಊರ ಯಜಮಾನನೇ ಹೇಳುತ್ತಿದ್ದ: "ಬರೀರಮ್ಮ, ಹೊಟ್ಟೆನೋವಿತ್ತು, ಬಾಳ ದಿನದಿಂದ."

ಒಂದು ದಿನ ನನಗೆ ತಡೆಯಲಾಗಲಿಲ್ಲ. "ಅಲ್ರೀ ಯಜಮಾನ್ರೇ, ಈ ಜಿಲ್ಲೆ ಹೆಣ್ಣುಮಕ್ಕಳಿಗೆಲ್ಲ ಹೊಟ್ಟೆನೋವೇ ಬರ್ತೈತಾ? ಹಲ್ಲುನೋವು, ಕಿವಿನೋವು ಯಾರಿಗೂ ಇಲ್ವಾ?" ಎಂದೆ.

"ನಿಮಗ್ಯಾಕಮ್ಮ ಅವೆಲ್ಲ? ಹೇಳಿದ್ದು ಹೊಡೀರಿ ಸಾಕು."

ಹೊಡೆದೆ. ಸತ್ತ ಹುಡುಗಿಯ ಅಪ್ಪ ಪಕ್ಕದಲ್ಲಿ ಕುಳಿತು ಟವೆಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದ. ಹೊಟ್ಟೆನೋವು ಎಂದು ಬರೆದರೆ ಎರಡೂ ಮನೆಯ ಮರ್ಯಾದೆ ಉಳಿಯುತ್ತದೆ, ಹೆಣ ಬೇಗ ಕೈಗೆ ಸಿಗುತ್ತದೆ, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬಹುದು. ಇದೆಲ್ಲ ನನಗೂ ಗೊತ್ತಿತ್ತು. ಆದರೂ ಮೈಯೆಲ್ಲ ಉರಿಯುತ್ತಿತ್ತು. ಅಂಥ ದಿನ ಮನೆಗೆ ಹೋಗಿ ಪಾತ್ರೆ ಕುಕ್ಕಿ, ಬಾಗಿಲು ದಬದಬ ಹಾಕಿ, ಪಕ್ಕದ ಮನೆಯವರಿಂದ ಬೈಸಿಕೊಳ್ಳುತ್ತಿದ್ದೆ.

ಆ ಸಿಟ್ಟಿನಲ್ಲೇ ನಾನು ಅಪರಾಧಶಾಸ್ತ್ರಕ್ಕೆ ಸೇರಿದ್ದು. ವಿಶ್ವವಿದ್ಯಾಲಯವೊಂದು ಸರ್ಟಿಫಿಕೇಟ್ ಕೋರ್ಸು ತೆಗೆದಿದೆ, ಪಿಯುಸಿ ಆಗಿದ್ದರೆ ಸಾಕು, ಭಾನುವಾರ ಭಾನುವಾರ ದುರ್ಗದ ಕಾಲೇಜೊಂದರಲ್ಲಿ ಪಾಠ ಎಂದು ಪತ್ರಿಕೆಯಲ್ಲಿ ಬಂದಿತ್ತು. ನನಗೆ ಆಗಲೇ ನಲವತ್ತು ದಾಟಿತ್ತು. ಗಂಡ ತೀರಿಹೋಗಿದ್ದ, ಮಕ್ಕಳಿಲ್ಲ. ಭಾನುವಾರ ಬಟ್ಟೆ ಒಗೆದು ಹಾಕಿದರೆ ಆಮೇಲೆ ಗೋಡೆ ನೋಡುತ್ತ ಕೂರಬೇಕು. ಹೋಗಿ ಹೆಸರು ಬರೆಸಿ ಬಂದೆ.

ಚಿಕ್ಕಜಾಜೂರಿನ ಹತ್ತಿರದ ಹಳ್ಳಿಯಲ್ಲಿ ನನ್ನ ಅಕ್ಕ ಇದ್ದಾಳೆ. ಅಂಗನವಾಡಿ ಕಾರ್ಯಕರ್ತೆ. ಅವಳಿಗೆ ಫೋನಿನಲ್ಲಿ ಹೇಳಿದರೆ, "ಈ ವಯಸ್ಸಿನಾಗೆ ಪೊಲೀಸ್ ಆಗ್ತೀಯೇನೇ?" ಎಂದು ನಕ್ಕಳು. ಅವಳಿಗೆ ಇರುವುದು ಒಬ್ಬಳೇ ಮಗಳು. ಹೊಸದುರ್ಗ ತಾಲ್ಲೂಕಿನಲ್ಲಿ, ಶ್ರೀರಾಂಪುರದಿಂದ ಒಳಕ್ಕೆ ಹೋದರೆ ಸಿಗುವ ಊರಿಗೆ ಅವಳನ್ನು ಕೊಟ್ಟಿದ್ದೆವು. ದಾಳಿಂಬೆ ತೋಟದ ಮನೆ. ಅವಳಂತೂ ವಿಷಯ ತಿಳಿದ ಮೇಲೆ ನನ್ನನ್ನು ಚಿಗವ್ವ ಎನ್ನುವುದನ್ನೇ ಬಿಟ್ಟಳು. "ಏನ್ರೀ ಸಿಐಡಿ ಮೇಡಂ, ನಮ್ಮತ್ತೆ ಡೈರಿ ಹಾಲಿಗೆ ನೀರು ಬೆರಸ್ತಾಳೆ, ಬಂದು ಹಿಡ್ಕಂಡು ಹೋಗ್ರಿ" ಎನ್ನುತ್ತಿದ್ದಳು. ಅವಳು ನಕ್ಕರೆ ಫೋನು ಕಿವಿಯಿಂದ ದೂರ ಹಿಡಿಯಬೇಕು, ಅಷ್ಟು ಜೋರು.

ಕ್ಲಾಸಿನಲ್ಲಿ ಇದ್ದವರೆಲ್ಲ ಸಬ್ ಇನ್ಸ್‌ಪೆಕ್ಟರ್ ಪರೀಕ್ಷೆಗೆ ಓದುತ್ತಿದ್ದ ಹುಡುಗರು, ಲಾ ಓದುವವರು. ವಯಸ್ಸಾದವಳು ನಾನೊಬ್ಬಳೇ. ನನ್ನ ಜೊತೆ ಕೂರುತ್ತಿದ್ದವಳು ಹಿರಿಯೂರಿನಿಂದ ಬರುತ್ತಿದ್ದ ಒಬ್ಬ ಮಹಿಳಾ ಪೇದೆ. ಬೆಳಗಿನ ಬಸ್ಸು ಹಿಡಿದು, ಡಬ್ಬಿಯಲ್ಲಿ ಮಂಡಕ್ಕಿ ಒಗ್ಗರಣೆ ತುಂಬಿಕೊಂಡು ಬರುತ್ತಿದ್ದಳು. "ಅಕ್ಕಾ, ಸ್ಟೇಷನ್ನಾಗೆ ನಾವು ಮಾಡೋದೇ ಒಂದು, ಇಲ್ಲಿ ಇವ್ರು ಹೇಳೋದೇ ಒಂದು" ಎಂದು ಪಿಸುಗುಟ್ಟುತ್ತ ತಿನ್ನುತ್ತಿದ್ದಳು. ಪಾಠ ಮಾಡುತ್ತಿದ್ದವರು ನಿವೃತ್ತ ಪೊಲೀಸ್ ಅಧಿಕಾರಿ. ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ಅಪರಾಧಿ ಯಾಕೆ ಅಪರಾಧಿಯಾಗುತ್ತಾನೆ ಎಂಬ ಸಿದ್ಧಾಂತಗಳನ್ನು ಪುಸ್ತಕ ನೋಡಿಕೊಂಡು ಬೇಜಾರಿನಲ್ಲಿ ಓದಿಬಿಡುತ್ತಿದ್ದರು. ಸ್ಥಳ, ಸಾಕ್ಷ್ಯ, ಹೆಣ ಎಂದು ಬಂದರೆ ಮಾತ್ರ ಪುಸ್ತಕ ಮುಚ್ಚಿಡುತ್ತಿದ್ದರು.

ಒಂದು ಭಾನುವಾರ ನಮ್ಮನ್ನೆಲ್ಲ ಚಂದ್ರವಳ್ಳಿಗೆ ಕರೆದುಕೊಂಡು ಹೋದರು. ಗೋಣಿಚೀಲಕ್ಕೆ ಹುಲ್ಲು ತುಂಬಿ, ಹಳೇ ಪ್ಯಾಂಟು ಶರ್ಟು ತೊಡಿಸಿ, ಬಂಡೆಯ ಪಕ್ಕ ಮಲಗಿಸಿದರು. ಅದು ಹೆಣ. ಸುತ್ತ ಹಗ್ಗ ಕಟ್ಟುವುದು, ಫೋಟೋ ತೆಗೆಯುವುದು, ಯಾವುದು ಎಲ್ಲಿದೆ ಎಂದು ಅಳೆದು ನಕ್ಷೆ ಬರೆಯುವುದು ನಮ್ಮ ಕೆಲಸ. ನಾವು ಹಗ್ಗ ಬಿಚ್ಚುವಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ಒಬ್ಬ ಮುದುಕ ನಮ್ಮ ನಡುವೆ ನುಗ್ಗಿ, ಹೆಗಲ ಟವೆಲು ತೆಗೆದು ಗೋಣಿಚೀಲದ ತಲೆಯ ಮೇಲೆ ಹೊದಿಸಿಬಿಟ್ಟ.

"ಏನ್ರಪ್ಪ, ಇಷ್ಟು ಜನ ಓದಿದೋರು ನಿಂತೀರಿ, ಒಬ್ರಿಗೂ ಮಕ ಮುಚ್ಚಬೇಕು ಅನ್ನಿಸ್ಲಿಲ್ವಾ?" ಎಂದು ನಮಗೇ ಗದರಿದ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮುದುಕ ಬಗ್ಗಿ ನೋಡಿ, ಹುಲ್ಲು ಕಂಡು, ಟವೆಲು ಕಿತ್ತುಕೊಂಡು ಬೈಯುತ್ತ ಹೋದ.

ಮೇಷ್ಟ್ರು ನಗಲಿಲ್ಲ. "ಇವನೇ ನಿಮ್ಮ ದೊಡ್ಡ ಕಷ್ಟ. ಕಳ್ಳನನ್ನು ಹಿಡಿಯಬಹುದು. ಇವನನ್ನು ತಡೆಯೋದು ಆಗಲ್ಲ" ಎಂದರು.

ನೀರಿನಲ್ಲಿ ಸತ್ತವರ ಪಾಠ ಬಂದದ್ದು ಅದಾದ ಮೇಲೆ. ನೀರಲ್ಲಿ ಸಿಕ್ಕ ಹೆಣವೆಲ್ಲ ಮುಳುಗಿ ಸತ್ತದ್ದಲ್ಲ, ಮುಳುಗಿ ಸತ್ತದ್ದೆಲ್ಲ ತಾವಾಗಿ ಬಿದ್ದದ್ದೂ ಅಲ್ಲ ಎಂದು ಶುರು ಮಾಡಿದರು. ಮುಳುಗುವವರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಕೆಲವು ಸಲ ಆ ಹಿಡಿತ ಸತ್ತ ಮೇಲೂ ಬಿಡುವುದಿಲ್ಲ. ಮುಷ್ಟಿಯಲ್ಲಿ ಪಾಚಿ ಇದ್ದರೆ ಒಂದು ಕತೆ. ಇನ್ನೊಬ್ಬರ ಬಟ್ಟೆಯ ಎಳೆಯೋ, ಕೂದಲೋ, ಗುಂಡಿಯೋ ಇದ್ದರೆ ಬೇರೆಯೇ ಕತೆ. "ಮೊದಲು ಕೈ ನೋಡಿ. ಎರಡೂ ಕೈಗೆ ಕಾಗದದ ಚೀಲ ಕಟ್ಟಿ. ಡಾಕ್ಟರು ಬಿಚ್ಚೋವರೆಗೂ ಯಾರೂ ಮುಟ್ಟಬಾರದು" ಎಂದರು. ನಾನು ಪುಸ್ತಕದಲ್ಲಿ ಆ ಪುಟಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಪರೀಕ್ಷೆಗೆ ಬರುತ್ತದೆ ಎಂದು ಪೇದೆ ಹುಡುಗಿ ಹೇಳಿದ್ದಳು.

ಅದೊಂದು ಕೆಲಸದ ದಿನ. ಯಾರದೋ ಕ್ರಯಪತ್ರದ ಕರಡು ಹೊಡೆಯುತ್ತಿದ್ದೆ. ಭಾವನ ಫೋನು ಬಂತು, ಅಕ್ಕನ ಗಂಡನದು. ಸಾಮಾನ್ಯವಾಗಿ ನನಗೆ ಫೋನು ಮಾಡುವವನೇ ಅಲ್ಲ ಆತ.

"ಪಾಪು ಹೋಗ್ಬಿಡ್ತು ಕಣವ್ವ" ಎಂದ. ಮಗಳಿಗೆ ಮದುವೆಯಾಗಿ ಇಷ್ಟು ದಿನವಾದರೂ ಆತನಿಗೆ ಅವಳು ಪಾಪುವೇ. ತೋಟದ ಕೃಷಿಹೊಂಡದಲ್ಲಿ ಬಿದ್ದಿದ್ದಾಳೆ, ಬೆಳಿಗ್ಗೆ ನೋಡಿದರಂತೆ, ಮೇಲೆ ತೆಗೆದು ಮಲಗಿಸಿದ್ದಾರಂತೆ, ನಾವು ಗಾಡಿ ಮಾಡಿಕೊಂಡು ಹೊರಟಿದ್ದೇವೆ, ಶ್ರೀರಾಂಪುರ ದಾಟಿದೆವು ಎಂದ. ಹಿಂದಿನಿಂದ ಅಕ್ಕನ ದನಿ ಕೇಳುತ್ತಿತ್ತು. ಅಳುವಲ್ಲ, ಒಂದೇ ಮಾತು: "ಭಾನುವಾರ ಬರ್ತೀನಿ ಅಂದಿದ್ಲು. ನಿನ್ನೆ ತಾನೇ ಅಂದ್ಲು. ಭಾನುವಾರ ಬರ್ತೀನಿ ಅಂದಿದ್ಲು."

ನನ್ನ ಬಾಯಿಂದ ಮೊದಲು ಬಂದದ್ದು ಅಳುವಲ್ಲ, ಪಾಠ. "ಭಾವ, ಪೊಲೀಸರು ಬರೋ ತನಕ ಯಾರೂ ಮುಟ್ಟಬ್ಯಾಡ್ರಿ. ಕೈಯಂತೂ ಯಾರೂ ಮುಟ್ಟಬಾರದು. ಕೇಳಿಸ್ತಾ?"

"ಹ್ಞೂಂ, ಯಾರನ್ನೂ ಮುಟ್ಟಗೊಡಲ್ಲ. ನಾವೇ ಇರ್ತೀವಲ್ಲ" ಎಂದ.

ದುರ್ಗದಿಂದ ಹೊಳಲ್ಕೆರೆ, ಹೊಳಲ್ಕೆರೆಯಿಂದ ಹೊಸದುರ್ಗ, ಅಲ್ಲಿಂದ ಶ್ರೀರಾಂಪುರ. ಎಲ್ಲ ಕಡೆ ಬಸ್ಸು ನಿಂತು ನಿಂತು ಹೋಯಿತು. ಭಾವನಿಗೆ ಮತ್ತೆ ಮತ್ತೆ ಫೋನು ಹಚ್ಚಿದೆ, ಎತ್ತಲಿಲ್ಲ. ಅಳಿಯ ಒಮ್ಮೆ ಅವಳಿಗೆ ಕೈ ಮಾಡಿದ್ದ. ಅಕ್ಕ ಹೋಗಿ ಜಗಳವಾಡಿ, ಊರವರು ಕೂರಿಸಿ ಮಾತಾಡಿ, ಇನ್ನು ಮೇಲೆ ಹಾಗೆ ಮಾಡುವುದಿಲ್ಲ ಎಂದು ಅವನು ಒಪ್ಪಿದ್ದ. ಆಮೇಲೆ ಚೆನ್ನಾಗಿಯೇ ಇದ್ದರು. ಇದ್ದರು ಎಂದು ನಾವು ಅಂದುಕೊಂಡಿದ್ದೆವು. ಬಸ್ಸಿನ ಕಿಟಕಿಗೆ ತಲೆ ಕೊಟ್ಟುಕೊಂಡು ಅದನ್ನೇ ತಿರುವಿ ಹಾಕುತ್ತ ಹೋದೆ. ಕಾಲು ಜಾರಿದಳೇ, ತಾನೇ ಹಾರಿದಳೇ, ಯಾರಾದರೂ ನೂಕಿದರೇ?

ಅಂಗಳಕ್ಕೆ ಕಾಲಿಟ್ಟಾಗ ಅರಿಶಿನದ ವಾಸನೆ ಮೂಗಿಗೆ ಬಡಿಯಿತು. ಅಲ್ಲಿಗೇ ನನಗೆ ಗೊತ್ತಾಯಿತು, ಮೈ ತೊಳೆದಾಗಿತ್ತು.

ನಮ್ಮ ಕಡೆ ಮುತ್ತೈದೆ ಸತ್ತರೆ ತವರಿನವರು ಬಂದು ನೀರು ಹಾಕಬೇಕು. ತವರಿನ ಸೀರೆ ಉಡಿಸಬೇಕು, ಕೈತುಂಬ ಬಳೆ ಇಡಬೇಕು, ಹೂವು ಮುಡಿಸಬೇಕು. ಅದು ತವರಿನವರ ಹಕ್ಕು, ಕೊನೆಯ ಹಕ್ಕು. ಅಕ್ಕ ಗಾಡಿ ಇಳಿಯುವ ಹೊತ್ತಿಗೆ ಹಂಡೆಯಲ್ಲಿ ನೀರು ಕುದಿಯುತ್ತಿತ್ತಂತೆ. ತಹಶೀಲ್ದಾರರು ಬರಬೇಕು, ಮದುವೆಯಾಗಿ ಏಳು ವರ್ಷವಾಗದ ಹೆಣ್ಣಿನ ಹೆಣವನ್ನು ಅವರೇ ನೋಡಬೇಕು, ಅವರು ಮೀಟಿಂಗಿನಲ್ಲಿದ್ದಾರೆ, ತಡವಾಗುತ್ತದೆ ಎಂದು ಸ್ಟೇಷನ್ನಿನಿಂದ ಹೇಳಿದ್ದರು. ಅಷ್ಟರಲ್ಲಿ ಯಾರೋ ಮುದುಕಿ, "ತವರಿನೋರು ಬಂದ್ರಲ್ಲ, ಇನ್ನೇನು, ನೀರು ಹಾಕ್ರಿ, ಮಗು ಕೆಸರಾಗೆ ಮಲಗೈತೆ" ಎಂದಳು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತಳು. ಭಾವ ಪಕ್ಕದಲ್ಲೇ ನಿಂತು, ಬೇರೆ ಯಾರೂ ಹತ್ತಿರ ಬರದ ಹಾಗೆ ನೋಡಿಕೊಂಡನಂತೆ. ನಾನು ಯಾರೂ ಮುಟ್ಟಬಾರದು ಎಂದದ್ದನ್ನು ಆತ ಅಕ್ಷರಶಃ ಪಾಲಿಸಿದ್ದ. ಹೆತ್ತವಳನ್ನು ಆ ಯಾರೂ ಎಂಬುದರೊಳಗೆ ಸೇರಿಸುವುದು ಅವನ ತಲೆಗೆ ಹೊಳೆಯಲೇ ಇಲ್ಲ. ಯಾರ ತಲೆಗೆ ಹೊಳೆಯುತ್ತದೆ?

ಹಂಡೆಯ ಕೆಳಗೆ ಬೆಂಕಿ ಹಚ್ಚಿದವರು ಯಾರು ಎಂದು ನಾನು ಇವತ್ತಿನವರೆಗೂ ಯೋಚಿಸುತ್ತೇನೆ. ಶಾಸ್ತ್ರಕ್ಕೆ ನೀರು ಕಾಯಿಸಿ ಇಡುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಬೇಕೆಂದೇ ಕಾಯಿಸಿದರೋ, ರೂಢಿಯಲ್ಲಿ ಕಾಯಿಸಿದರೋ, ನೀರು ನೋಡಿದರೆ ಗೊತ್ತಾಗುವುದಿಲ್ಲ.

ಮಗು ಅಚ್ಚುಕಟ್ಟಾಗಿ ಮಲಗಿತ್ತು. ಹಸಿರು ಸೀರೆ, ಹಣೆತುಂಬ ಕುಂಕುಮ, ತಲೆ ಬಾಚಿ ಹೂವು ಮುಡಿಸಿದ್ದರು. ನಾನು ಕೂಗಾಡಬೇಕು ಎಂದುಕೊಂಡೇ ಬಂದಿದ್ದೆ. ಅಕ್ಕ ನನ್ನನ್ನು ನೋಡಿ, "ಬಾರೇ, ನೋಡು ಬಾ, ಹೆಂಗೆ ಮಾಡಿದೀನಿ ನೋಡು" ಎಂದು ಕರೆದಳು. ಮದುವೆಯ ದಿನ ಮಗಳಿಗೆ ಅಲಂಕಾರ ಮಾಡಿ ಕರೆದ ದನಿಯೇ ಅದು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

"ಮೈಯೆಲ್ಲ ಪಾಚಿ ಕಣೇ. ಉಗುರಿನಾಗೆ ಏನೇನೋ ಸಿಕ್ಕಿಕೊಂಡಿತ್ತು, ಕಡ್ಡಿ ತಗಂಡು ಒಂದೊಂದೇ ಬಿಡಿಸಿದೆ" ಎಂದಳು. ಆಮೇಲೆ ಅವಳ ಬಲಗೈ ಹಿಡಿದು ಸವರುತ್ತ, "ಈ ಕೈ ಮುಷ್ಟಿ ಹಿಡ್ಕಂಡಿದ್ಲು. ಬಿಗಿಯಾಗಿ. ಬಿಸಿನೀರು ಹಾಕಿ ಹಾಕಿ, ಒಂದೊಂದೇ ಬೆರಳು ಬಿಡಿಸಿದೆ. ನೋಯ್ತೈತೇನೋ ಅಂತ ಮೆತ್ತಗೆ ಬಿಡಿಸಿದೆ" ಎಂದಳು.

"ಒಳಗೇನಿತ್ತಕ್ಕ?"

"ಏನೋ ಇತ್ತು. ಕಣ್ಣಾಗೆ ನೀರು, ಕಾಣ್ಲಿಲ್ಲ. ಬಚ್ಚಲಿಗೆ ಹೋತು."

ಎದ್ದು ಹೋಗಿ ಬಚ್ಚಲಿನ ನೀರು ಹರಿಯುವ ಕಡೆ ನೋಡಿ ಬಂದೆ. ಮನೆಯ ಹಿಂದೆ ನೀರು ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಅಲ್ಲಿ ಕೋಳಿಗಳು ಕೆದಕುತ್ತಿದ್ದವು.

ತಹಶೀಲ್ದಾರರು, ಪೊಲೀಸರು ಬಂದಾಗ ಅವರಲ್ಲೊಬ್ಬರು ಹೆಣ ನೋಡಿ, "ಯಾರ್ರೀ ತೊಳೆದಿದ್ದು ಇದನ್ನ?" ಎಂದು ದನಿ ಏರಿಸಿದರು. ಅಳಿಯನ ಮನೆಯವರು ತಲೆ ತಗ್ಗಿಸಿದರು. ಅಕ್ಕ ಎದ್ದು ನಿಂತಳು. "ನಾನು ಸಾರ್. ತಾಯಿ" ಎಂದಳು. ಪಂಚರು ರುಜು ಹಾಕಿದರು. ಹೆಣ ಆಸ್ಪತ್ರೆಗೆ ಹೋಯಿತು.

ಆ ಹೊತ್ತಿನಲ್ಲೂ ಒಬ್ಬ ಯಜಮಾನ ಭಾವನ ಕಿವಿಯ ಹತ್ತಿರ ಬಂದು, "ಹೊಟ್ಟೆನೋವಿತ್ತು ಅಂತ ಬರಸಿಬಿಡ್ರಿ, ಸುಮ್ನೆ ಯಾಕೆ" ಎಂದ. ನಾನು ಅವನ ಮುಖಕ್ಕೆ ಮುಖ ಕೊಟ್ಟು ನಿಂತೆ. ನನ್ನ ಬಾಯಲ್ಲಿ ಅವತ್ತು ಏನೇನು ಬಂತೋ ಅದನ್ನೆಲ್ಲ ಇಲ್ಲಿ ಬರೆಯಲಾಗುವುದಿಲ್ಲ. ಅವನು ಜಾಗ ಬಿಟ್ಟ. ಅನುಮಾನವಿದೆ ಎಂದೇ ದೂರು ಕೊಟ್ಟೆವು, ನಾನೇ ಹೇಳಿ ಬರೆಸಿದೆ. ವರದಿ ಬಂತು: ನೀರಿನಲ್ಲಿ ಮುಳುಗಿ ಉಸಿರುಕಟ್ಟಿ ಸಾವು. ಅಂದರೆ ಜೀವಂತ ಇದ್ದಾಗಲೇ ನೀರಿಗೆ ಬಿದ್ದಿದ್ದಳು. ಹೇಗೆ ಬಿದ್ದಳು ಎಂದು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಹೊಂಡಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿತ್ತು, ಮೋಟರಿನ ಪೈಪು ಸರಿಮಾಡಲು ಹೋಗಿ ಜಾರಿರಬಹುದು ಎಂದು ಮುಗಿಸಿದರು. ಇರಬಹುದು. ನಿಜವಾಗಿಯೂ ಇರಬಹುದು. ಅಳಿಯ ಹೆಣದ ಮುಂದೆ ಬಿದ್ದು ಹೊರಳಿ ಅತ್ತಿದ್ದ. ಅದು ಸುಳ್ಳಿನ ಅಳು ಎಂದು ಹೇಳುವುದಕ್ಕೆ ನನ್ನ ಹತ್ತಿರ ಏನಿದೆ?

ಕ್ಲಾಸಿಗೆ ಮತ್ತೆ ಹೋದಾಗ ಮೇಷ್ಟ್ರಿಗೆ ಎಲ್ಲ ಹೇಳಿದೆ. ಡಸ್ಟರನ್ನು ಮೇಜಿನ ಮೇಲೆ ಅತ್ತ ಇತ್ತ ಸರಿಸಿದರು. "ಕೈಯಲ್ಲಿದ್ದದ್ದು ಲ್ಯಾಬಿಗೆ ಹೋಗಿದ್ದರೆ ಪಾಚಿಯೋ ಬಟ್ಟೆಯೋ ಅಂತ ಹೇಳ್ತಿದ್ದರು. ಈಗ ಯಾರೂ ಹೇಳೋಕಾಗಲ್ಲ. ನಿಮ್ಮ ಅಕ್ಕನಿಗೆ ಇದನ್ನೆಲ್ಲ ಹೇಳಬೇಡಿ" ಎಂದರು. ಪೇದೆ ಹುಡುಗಿ ಅವತ್ತು ಡಬ್ಬಿ ಬಿಚ್ಚಲಿಲ್ಲ.

ನಾನು ಹೇಳಬಾರದು ಎಂದೇ ಇದ್ದೆ. ಅಕ್ಕನನ್ನು ಸ್ವಲ್ಪ ದಿನ ದುರ್ಗಕ್ಕೆ ಕರೆತಂದು ಇಟ್ಟುಕೊಂಡೆ. ನಾನು ಅಂಗಡಿಗೆ ಹೋದರೆ ಅವಳು ಒಬ್ಬಳೇ ಮನೆಯಲ್ಲಿ ಇರುತ್ತಿದ್ದಳು. ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ತಟ್ಟೆಗೆ ಅನ್ನ ಬಡಿಸುತ್ತ, ತಲೆ ಎತ್ತದೆ ಕೇಳಿದಳು.

"ನಾನು ತೊಳೀದೆ ಇದ್ದಿದ್ರೆ ಗೊತ್ತಾಗ್ತಿತ್ತೇನೇ?"

"ಇಲ್ಲಕ್ಕ. ನೀರಾಗೆ ಬಿದ್ದಿದ್ದು. ನೀರೇ ಎಲ್ಲ ತೊಳೆದು ಹಾಕಿರ್ತೈತೆ. ನೀನು ತೊಳೆದ್ರೂ ಅಷ್ಟೇ, ತೊಳೀದಿದ್ರೂ ಅಷ್ಟೇ." ಎಷ್ಟು ಸಲೀಸಾಗಿ ಹೇಳಿದೆ. ದಿನಾ ಕೋರ್ಟಿನ ಎದುರು ಕೂತವಳಲ್ಲವೇ.

ಅಕ್ಕ ಸಾರು ಹಾಕಿದಳು. ಸೌಟು ಪಾತ್ರೆಗೆ ಇಟ್ಟಳು. "ನಿನ್ನ ಪುಸ್ತಕದಾಗೆ ಹಂಗಿಲ್ಲ" ಎಂದಳು.

ಕೋರ್ಸಿನ ಪುಸ್ತಕ ಮನೆಯಲ್ಲೇ ಬಿದ್ದಿರುತ್ತಿತ್ತು. ಕೆಂಪು ಪೆನ್ನಿನ ಗೆರೆ. ನನ್ನ ಅಕ್ಕನಿಗೆ ಓದಲು ಬರುತ್ತದೆ ಎಂಬುದು ನನಗೆ ಮರೆತೇ ಹೋಗಿತ್ತೇನೋ. ಅವಳು ಓದಿ ಎಷ್ಟು ದಿನವಾಗಿತ್ತೋ, ಕೇಳಲು ಧೈರ್ಯ ಬರಲಿಲ್ಲ.

"ಅಂಗನವಾಡಿನಾಗೆ ನಮಗೆ ಎಷ್ಟು ಟ್ರೈನಿಂಗ್ ಕೊಡ್ತಾರೆ" ಎಂದಳು. ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದಳು. "ಮಗುಗೆ ಹಾಲು ಹೆಂಗೆ ಕುಡಿಸಬೇಕು, ಮೊಟ್ಟೆ ಹೆಂಗೆ ಬೇಯಿಸಬೇಕು, ಕೈ ಹೆಂಗೆ ತೊಳೀಬೇಕು, ಎಲ್ಲ ಹೇಳ್ತಾರೆ. ಗ್ವಾಡೆ ತುಂಬ ಚಿತ್ರ ಹಚ್ಚಿದೀವಿ. ಇದೊಂದನ್ನ ಯಾರೂ ಹೇಳ್ಲಿಲ್ಲ. ಇದು ನಿಮ್ಮ ಕ್ಲಾಸಿನಾಗೆ ಇಟ್ಕಂಡ್ರೆ ಯಾರಿಗೆ ಬಂತು? ಹೆಣ ತೊಳೆಯೋರು ನಿಮ್ಮ ಕ್ಲಾಸಿಗೆ ಬರ್ತಾರಾ?"

ಅವಳು ಮರುದಿನವೇ ಊರಿಗೆ ಹೊರಟಳು. ತಡೆದರೂ ನಿಲ್ಲಲಿಲ್ಲ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ನೀರಿನಲ್ಲಿ ದೊರೆತ ಶವದ ಕೈಗಳ ಪರಿಶೀಲನೆಯ ಮಹತ್ವವನ್ನು ವಿವರಿಸಿ. ಸುತ್ತಲೂ ಹುಡುಗರು ಬರಬರ ಬರೆಯುತ್ತಿದ್ದರು. ಎದ್ದು ಹೋಗಿಬಿಡೋಣ ಎನ್ನಿಸಿತು. ಹೋಗಲಿಲ್ಲ. ಬರೆದೆ, ಬಿಡದೆ ಬರೆದೆ, ಕಾಗದದ ಚೀಲ ಕಟ್ಟುವುದರವರೆಗೂ ಬರೆದೆ. ಒಳ್ಳೆಯ ಅಂಕ ಬಂತು. ಸರ್ಟಿಫಿಕೇಟು ಬೀರುವಿನಲ್ಲಿ ಸೀರೆಯ ಅಡಿಯಲ್ಲಿದೆ, ಕಟ್ಟು ಹಾಕಿಸಿಲ್ಲ.

ಅಕ್ಕ ಏನು ಮಾಡುತ್ತಿದ್ದಾಳೆ ಎಂಬುದು ನನಗೆ ಗೊತ್ತಾದದ್ದು ತಡವಾಗಿ, ಅದೂ ಭಾವನ ಬಾಯಿಂದ. ಸುತ್ತಮುತ್ತ ಎಲ್ಲಿ ಯಾವ ಹೆಣ್ಣು ಅಚಾನಕ್ಕಾಗಿ ಸತ್ತರೂ ಅಕ್ಕ ಅಲ್ಲಿಗೆ ಹೋಗುತ್ತಿದ್ದಳು. ಕರೆಯದಿದ್ದರೂ ಹೋಗಿ ಹೆಣದ ಪಕ್ಕ ಕುಳಿತು, ಪೊಲೀಸರು ಬರುವ ತನಕ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಜನ ಅವಳಿಗೆ "ಹೆಣ ಕಾಯೋಳು" ಎಂದು ಹೆಸರಿಟ್ಟಿದ್ದರು. "ಸ್ವಲ್ಪ ಬುದ್ಧಿ ಹೇಳವ್ವ ನಿಮ್ಮಕ್ಕಂಗೆ. ಮಕ್ಕಳನ್ನ ಅಂಗನವಾಡಿಗೆ ಕಳಿಸಾಕೆ ಜನ ಹಿಂದೆಮುಂದೆ ನೋಡ್ತಾರೆ" ಎಂದ ಭಾವ.

ಬುದ್ಧಿ ಹೇಳಲೆಂದೇ ಹೋದೆ. ನಾನು ಅಲ್ಲಿದ್ದ ಬೆಳಿಗ್ಗೆಯೇ ಸುದ್ದಿ ಬಂತು. ಹೊಳಲ್ಕೆರೆಯ ಕಡೆಯ ಒಂದು ಹಳ್ಳಿಯಲ್ಲಿ ಈಚೆಗೆ ಮದುವೆಯಾಗಿ ಬಂದ ಹುಡುಗಿ ದನದ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದ್ದಾಳಂತೆ. ಅಕ್ಕ ಚಪ್ಪಲಿ ಮೆಟ್ಟಿದಳು. "ಬರ್ತೀಯೇನು? ಹೋಗಾಣ ಬಾ" ಎಂದಳು, ಸಂತೆಗೆ ಕರೆದ ಹಾಗೆ.

ನಾವು ಹೋಗುವ ಹೊತ್ತಿಗೆ ತವರಿನವರು ಬಂದಿದ್ದರು. ಹುಡುಗಿಯ ಬಾಯಲ್ಲಿ ನೊರೆ ಬಂದು ಒಣಗಿತ್ತು, ಕಾಲಿಗೆಲ್ಲ ಸಗಣಿ ಮೆತ್ತಿತ್ತು. ಅವಳ ಅಣ್ಣಂದಿರು, "ವಿಷ ಹಾಕಿ ಕೊಂದಾರೆ" ಎಂದು ಗಂಡನ ಕಡೆಯವರ ಕೊರಳಪಟ್ಟಿ ಹಿಡಿದಿದ್ದರು. ಆ ಗದ್ದಲದ ನಡುವೆ ತಾಯಿ ಬಿಸಿನೀರಿನ ಕೊಡ ಎತ್ತಿಕೊಂಡು ಬರುತ್ತಿದ್ದಳು. ಅಕ್ಕ ಹೋಗಿ ಹೆಣಕ್ಕೂ ಅವಳಿಗೂ ನಡುವೆ ಕುಳಿತಳು. ಕೊಡದ ಬಾಯಿಯನ್ನು ಕೈಯಿಂದ ಮುಚ್ಚಿದಳು.

"ಮುಟ್ಟಬ್ಯಾಡ ಕಣವ್ವ. ಬಾಯಿಗೆ ಬಂದಂಗೆ ಬೈ. ಮುಟ್ಟಬ್ಯಾಡ."

"ಯಾವಳೇ ನೀನು? ನನ್ನ ಮಗಳು. ಏಳು ಮೇಲೆ."

"ನಿನ್ನ ಮಗಳೇ. ಪೊಲೀಸ್ನೋರು ಬರ್ಲಿ. ಆಮೇಲೆ ಎಷ್ಟಾದ್ರೂ ತೊಳಿ, ನಾನೇ ನೀರು ಹೊಯ್ತೀನಿ."

ಆ ತಾಯಿ ಕೊಡ ಇಳಿಸಿ ಅಕ್ಕನ ಕೆನ್ನೆಗೆ ಹೊಡೆದಳು. ನಾನು ಮುಂದೆ ಹೋದರೆ ಅಕ್ಕ ಕೈ ಅಡ್ಡ ಹಿಡಿದು ನನ್ನನ್ನು ತಡೆದಳು. "ಇನ್ನೊಂದು ಹೊಡಿ. ಮುಟ್ಟಬ್ಯಾಡ ಅಷ್ಟೇ" ಎಂದಳು.

"ನಿನ್ನ ಮಗಳು ಹಿಂಗೆ ಬಿದ್ದಿದ್ರೆ ಗೊತ್ತಾಗ್ತಿತ್ತು ನಿನಗೆ" ಎಂದಳು ತಾಯಿ.

ಅಕ್ಕ ಏನೂ ಹೇಳಲಿಲ್ಲ. ಹೇಳಬಹುದಿತ್ತು. ನನಗೇ ಹೇಳಿಬಿಡಬೇಕು ಎಂದು ನಾಲಿಗೆ ತುದಿಯವರೆಗೆ ಬಂದಿತ್ತು. ಅಕ್ಕ ಹೆಣದ ಕಡೆ ಬೆನ್ನು ಮಾಡಿ, ಸೆರಗು ಹೊದ್ದು, ಪೊಲೀಸರು ಬರುವ ತನಕ ಅಲ್ಲಾಡದೆ ಕುಳಿತಿದ್ದಳು. ಹೆಂಗಸರು ಶಾಪ ಹಾಕಿದರು. ಯಾರೋ ಮಣ್ಣು ತೂರಿದರು. ಪೊಲೀಸರು ಬಂದು ಹೆಣ ಹೊಳಲ್ಕೆರೆಗೆ ಸಾಗಿಸಿದ ಮೇಲೆ, ನಾವಿಬ್ಬರೂ ಯಾರ ಮುಖವನ್ನೂ ನೋಡದೆ ಬಸ್ಸು ಹತ್ತಿದೆವು.

ಮರುದಿನ ಅಂಗನವಾಡಿಯಲ್ಲಿ ಅಕ್ಕನ ಜೊತೆ ಇದ್ದಾಗ ಭಾವ ಬಂದು ಸುದ್ದಿ ಹೇಳಿದ. ಹಾವಂತೆ. ಕಾಲುಂಗುರದ ಪಕ್ಕ, ಬೆರಳ ಸಂದಿಯಲ್ಲಿ, ಸಗಣಿಯ ಅಡಿಯಲ್ಲಿ ಸಣ್ಣ ಗುರುತು ಸಿಕ್ಕಿತಂತೆ. ವಿಷ ಹಾಕಿದ್ದಲ್ಲ, ಯಾರೂ ಏನೂ ಮಾಡಿದ್ದಲ್ಲ. ಎರಡೂ ಕಡೆಯವರು ಸೇರಿಯೇ ಮಣ್ಣು ಮಾಡಿದರಂತೆ.

ಭಾವ ಹೋದ ಮೇಲೆ ನಾನು, "ಸುಮ್ಮನೆ ಏಟು ತಿಂದೆಯಲ್ಲಕ್ಕ. ನೋಡಿದ್ರೆ ಹಾವು" ಎಂದೆ. ಬುದ್ಧಿ ಹೇಳಲು ಇದೇ ಸಮಯ ಎಂದುಕೊಂಡಿದ್ದೆ.

ಅಕ್ಕನ ಕೆನ್ನೆ ಇನ್ನೂ ಊದಿತ್ತು. ನೀರಿನ ಬಕೆಟ್ಟಿನ ಪಕ್ಕ ಕುಕ್ಕುರುಗಾಲಲ್ಲಿ ಕುಳಿತವಳು ಅಲ್ಲಿಯೇ ಬಿಕ್ಕಿದಳು. ಮಗಳು ಸತ್ತ ದಿನ ಅಂಗಳದಲ್ಲಿ ಕಂಡಾಗಿನಿಂದ ಅವಳು ನನ್ನೆದುರು ಅತ್ತದ್ದು ಅದೇ ಮೊದಲು.

"ಹಾವು ಅಂತ ಅವಳಿಗೆ ಗೊತ್ತಾತಲ್ಲೇ" ಎಂದಳು. "ಗೊತ್ತಾತಲ್ಲ. ಇನ್ನು ನಿದ್ದೆ ಮಾಡ್ತಾಳೆ ಅವಳು. ನನಗೆ ಅವತ್ತು ಯಾರಾದ್ರೂ ಒಬ್ರು ಅಡ್ಡ ಕುಂತ್ಕಳಾಕೆ ಬರಬಾರದಿತ್ತಾ?"

ಅವತ್ತು ಅಡ್ಡ ಕೂರಲೆಂದೇ ಹೊರಟಿದ್ದವಳು ನಾನು, ಎಷ್ಟೆಷ್ಟೋ ಊರಿನ ಬಸ್ಸು ಬದಲಾಯಿಸಿ ಹೊರಟಿದ್ದೆ. ಅದನ್ನು ಹೇಳಲಿಲ್ಲ. ಬುದ್ಧಿಯನ್ನೂ ಹೇಳಲಿಲ್ಲ.

ಊಟದ ಹೊತ್ತಾಗಿತ್ತು. ಮಕ್ಕಳು ಕೈ ತೊಳೆಸಿಕೊಳ್ಳಲು ಸಾಲಾಗಿ ನಿಂತಿದ್ದವು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಚೊಂಬು ಎತ್ತಿಕೊಂಡಳು. ಮುಂದೆ ನಿಂತಿದ್ದ ಹುಡುಗಿ ಮುಷ್ಟಿ ಬಿಗಿಹಿಡಿದಿತ್ತು. ಅಕ್ಕ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಒಳಗೇನಿದೆ ಎಂದು ಬಗ್ಗಿ ನೋಡಿದಳು. ಹುಣಸೆಬೀಜ. ಅದನ್ನು ತೆಗೆದು ಕಿಟಕಿಯ ಮೇಲೆ ಇಟ್ಟಳು. ಆಮೇಲೆ ನೀರು ಹಾಕಿದಳು.